ಮನೆಯ ಕ್ರಯ ಪೂರ್ಣವಾಗುವುದು ಯಾವಾಗ? ಮುಂಬಯಿಯ ಪದ್ಧತಿಯ ಒಂದು ವಿವೇಚನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂದರೆ ಸ್ವಂತ ನೆಲದ ಮೇಲೆ ಯಜಮಾನನೇ ನಿಂತು ಕಟ್ಟಿಸಿದ ಮನೆ. ಮುಂಬಯಿಯಂಥ ನಗರದಲ್ಲಿ ಗಾದೆಯ ಮೊದಲರ್ಧ ಅನ್ವಯಿಸುವುದಿಲ್ಲ. ಇಲ್ಲಿ ಕಟ್ಟುವವನೊಬ್ಬ, ಕೊಳ್ಳುವವನೊಬ್ಬ. ನೆಲದ ಒಡೆಯ ಅನೇಕ ವೇಳೆ ಮತ್ತೊಬ್ಬ. ಧಾರವಾಡದಿಂದಲೋ ಉಡುಪಿಯಿಂದಲೋ ಕಾರವಾರದಿಂದಲೋ ಬಂದು, ಇಪ್ಪತ್ತು ಮೂವತ್ತು ವರ್ಷ ದುಡಿದು ಕೂಡಿಸಿದ ಹಣವನ್ನೆಲ್ಲ ಒಂದು ಫ್ಲಾಟಿಗಾಗಿ ವೆಚ್ಚ ಮಾಡುವ ಗೃಹಸ್ಥನು, ಊರಿನಿಂದ ತಂದ ಕಲ್ಪನೆಯೊಡನೆಯೇ ನೋಂದಣಿ ಕಚೇರಿಯ ಮೆಟ್ಟಿಲನ್ನು ಏರುತ್ತಾನೆ. ಆ ಕಲ್ಪನೆ ಸರಳವಾದುದು: ಒಂದು ದಿನ, ಒಂದು ಪತ್ರ, ಎರಡು ಕಡೆಯವರ ಸಹಿ, ಸಂಜೆಗೆ ಬೀಗದ ಕೈ ಕೊಂಡವನ ಕೈಯಲ್ಲಿ.

ಮುಂಬಯಿಯ ವಾಸ್ತವ ಇದಕ್ಕಿಂತ ಬೇರೆ. ಇಲ್ಲಿ ಕ್ರಯವು ಮೂರು ಘಟ್ಟಗಳಲ್ಲಿ ನೆರವೇರುತ್ತದೆ. ಮೊದಲನೆಯದು ಕರಾರುಪತ್ರದ ನೋಂದಣಿ. ಎರಡನೆಯದು ಹಣ ಪೂರ್ತಿ ಸಂದು ಮನೆಯ ಸ್ವಾಧೀನ ದೊರೆಯುವುದು. ಮೂರನೆಯದು ಕಟ್ಟಡವೂ ಅದು ನಿಂತಿರುವ ನೆಲವೂ ನಿವಾಸಿಗಳ ಸಹಕಾರ ಸಂಘದ ಹೆಸರಿಗೆ ಹಸ್ತಾಂತರವಾಗುವುದು. ಮೊದಲನೆಯದಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಎರಡನೆಯದಕ್ಕಾಗಿ ಎಲ್ಲರೂ ಕಾದಿರುತ್ತಾರೆ. ಮೂರನೆಯದನ್ನು ಮರೆಯುವವರೇ ಬಹಳ. ಆ ಮರೆವಿಗೆ ತೆರಬೇಕಾದ ಬೆಲೆ ಮುಂದೆ ಮೂವತ್ತು ನಲವತ್ತು ವರ್ಷಗಳ ಅನಂತರ, ಅನೇಕ ವೇಳೆ ಮಕ್ಕಳ ಕಾಲದಲ್ಲಿ, ತಿಳಿದುಬರುತ್ತದೆ. ಈ ಮೂರು ಘಟ್ಟಗಳಲ್ಲಿ ಕೊಳ್ಳುವವರು ಏನನ್ನು ನಿರೀಕ್ಷಿಸಬೇಕು, ಎಲ್ಲೆಲ್ಲಿ ಎಚ್ಚರವಾಗಿರಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ಊರಿನ ಕ್ರಮ, ನಗರದ ಕ್ರಮ

ಕಾನೂನಿನ ಮೂಲ ಎಲ್ಲೆಡೆಯಲ್ಲಿಯೂ ಒಂದೇ. 1882ರ ಆಸ್ತಿ ಹಸ್ತಾಂತರ ಕಾಯಿದೆಯ 54ನೆಯ ಕಲಮಿನ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯವು ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದು. ಮಾರುವ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸದು ಎಂದೂ ಅದೇ ಕಲಮು ಹೇಳುತ್ತದೆ. ಬರಿಯ ಅಧಿಕಾರಪತ್ರ, ಕರಾರು, ಮರಣಶಾಸನಗಳ ಮೂಲಕ ನಡೆಯುತ್ತಿದ್ದ ಮಾರಾಟಗಳಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ಕರ್ನಾಟಕದಲ್ಲಿ ರೂಢಿಯಲ್ಲಿರುವ ಕ್ರಮ ಈ ತತ್ತ್ವಕ್ಕೆ ಹತ್ತಿರವಾದುದು. ಮೊದಲು ಮುಂಗಡ ಕೊಟ್ಟು ಕರಾರು. ಅನಂತರ ಪೂರ್ಣ ಮುದ್ರಾಂಕ ಶುಲ್ಕ ತೆತ್ತು ಶುದ್ಧ ಕ್ರಯಪತ್ರ. ಆಮೇಲೆ ಖಾತೆಯ ಬದಲಾವಣೆ. ಬೆಂಗಳೂರಿನಲ್ಲಿ ಫ್ಲಾಟು ಕೊಂಡರೂ ಕ್ರಯಪತ್ರದಲ್ಲಿ ನೆಲದ ಅವಿಭಾಜ್ಯ ಪಾಲೊಂದು ಕೊಂಡವರ ಹೆಸರಿಗೆ ಬರೆಯಲ್ಪಡುತ್ತದೆ. ಚೆನ್ನೈಯಲ್ಲಿಯೂ ಹೀಗೆಯೇ. ಮುಂಬಯಿಯಲ್ಲಿ ಹೊಸ ಫ್ಲಾಟನ್ನು ಕೊಳ್ಳುವವರಿಗೆ ಸಾಮಾನ್ಯವಾಗಿ ಪ್ರತ್ಯೇಕ ಕ್ರಯಪತ್ರವೇ ಇರುವುದಿಲ್ಲ. ಅವರಿಗೆ ದೊರೆಯುವುದು ಬಿಲ್ಡರನೊಡನೆ ಮಾಡಿಕೊಂಡ ನೋಂದಾಯಿತ ಕರಾರುಪತ್ರ ಮತ್ತು ಮುಂದೆ ಸೊಸೈಟಿ ಕೊಡುವ ಷೇರುಪತ್ರ. ನೆಲದ ಒಡೆತನ ವ್ಯಕ್ತಿಗೆ ಬರದೆ, ಬರುವುದಾದರೆ, ಸೊಸೈಟಿಗೇ ಬರುತ್ತದೆ. 1970ರ ಮಹಾರಾಷ್ಟ್ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಪ್ರಕಾರ ಪ್ರತಿಯೊಬ್ಬರಿಗೂ ಬೇರೆಬೇರೆ ಪತ್ರ ಮಾಡಿಕೊಡುವ ಮಾರ್ಗವೂ ಉಂಟು. ಆದರೆ ಮುಂಬಯಿಯಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಸೊಸೈಟಿಯ ಮಾರ್ಗವೇ.

ಈ ಮಾರ್ಗಕ್ಕೆ ಚರಿತ್ರೆಯ ಕಾರಣಗಳಿವೆ. ಸಹಕಾರ ತತ್ತ್ವದ ಮೇಲೆ ಮನೆಗಳನ್ನು ಹೊಂದುವ ಪ್ರಯತ್ನ ಭಾರತದಲ್ಲಿ ಮೊಳೆತದ್ದು ಕನ್ನಡ ನೆಲದಲ್ಲಿಯೇ. ಬೆಂಗಳೂರು ಕಟ್ಟಡ ಸಹಕಾರ ಸಂಘ 1909ರಲ್ಲಿ ಸ್ಥಾಪಿತವಾಯಿತು. ಮುಂಬಯಿಯಲ್ಲಿ ಆ ಕಾರ್ಯಕ್ಕೆ ಕೈ ಹಾಕಿದವರು ಕೆನರಾ ಕರಾವಳಿಯ ಮೂಲದ ಚಿತ್ರಾಪುರ ಸಾರಸ್ವತರು. 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕನ್ನು ಆರಂಭಿಸಿದ ಶ್ರೀಪಾದ ಸುಬ್ರಾವ್ ತಲ್ಮಕಿಯವರ ನೇತೃತ್ವದಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ 1915ರಲ್ಲಿ ರೂಪುಗೊಂಡಿತು. ಅಲ್ಲಿ ನಿವಾಸಿಗಳೇ ಸಂಘ, ಸಂಘವೇ ಯಜಮಾನ. ಮುಂದೆ 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಗಳನ್ನು ಕಟ್ಟಿಹಾಕಿದ ಮೇಲೆ ಬಾಡಿಗೆಗಾಗಿ ಮನೆ ಕಟ್ಟುವವರ ಉತ್ಸಾಹ ಕುಗ್ಗಿ, ಕಟ್ಟಿ ಮಾರುವ ವ್ಯಾಪಾರ ಬಲವಾಯಿತು. ಇಲ್ಲಿ ಸಂಘ ಕೊನೆಗೆ ಬರುವಂಥದು. ಬಿಲ್ಡರ ಮೊದಲು ಬರುವವನು. ಈ ಕ್ರಮವ್ಯತ್ಯಾಸದಿಂದ ಹುಟ್ಟಿದ ಮೋಸಗಳನ್ನು ತಡೆಯುವುದಕ್ಕೆಂದು ‘ಮೋಫಾ’ ಎಂದು ಹೆಸರಾದ 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲಾಟ್ಸ್ ಕಾಯಿದೆಯೂ, ‘ರೇರಾ’ ಎಂದು ಪ್ರಸಿದ್ಧವಾದ 2016ರ ಕೇಂದ್ರ ಕಾಯಿದೆಯೂ ಬಂದುವು.

ನೋಂದಣಿಗೆ ಮುಂಚೆ

ನೋಂದಣಿಯ ದಿನದ ಕೆಲಸ ಒಂದೆರಡು ಗಂಟೆಯದು. ಅದರ ಸಿದ್ಧತೆ ವಾರಗಳದು. ಸರಕಾರಿ ಅಧಿಕಾರಿಯ ಮುಂದೆ ನೋಂದಣಿಯಾದ ಮಾತ್ರಕ್ಕೆ ಮಾರುವವನ ಒಡೆತನವನ್ನು ಸರಕಾರ ಪರೀಕ್ಷಿಸಿ ಒಪ್ಪಿದಂತಾಯಿತು ಎಂಬ ಭ್ರಮೆ ವಿದ್ಯಾವಂತರಲ್ಲಿಯೂ ಉಂಟು. 1908ರ ನೋಂದಣಿ ಕಾಯಿದೆಯ 34ನೆಯ ಕಲಮಿನ ಪ್ರಕಾರ ಉಪನೋಂದಣಾಧಿಕಾರಿ ವಿಚಾರಿಸುವುದು ಮುಖ್ಯವಾಗಿ ಎರಡು ಸಂಗತಿಗಳನ್ನು: ಪತ್ರವನ್ನು ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟದ್ದು ನಿಜವೇ. ಮಾರುವವನಿಗೆ ಮಾರುವ ಹಕ್ಕು ಇದೆಯೇ ಎಂಬುದನ್ನು ನಿರ್ಣಯಿಸುವುದು ಆ ಅಧಿಕಾರಿಯ ಕೆಲಸವಲ್ಲ. ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದುಪಡಿಸುತ್ತ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಇದನ್ನೇ ಹೇಳಿತು. ಆದುದರಿಂದ ಒಡೆತನದ ಪರೀಕ್ಷೆ ಕೊಳ್ಳುವವರದೇ ಹೊಣೆ.

ಈ ಪರೀಕ್ಷೆಗೆ ಕರ್ನಾಟಕದವರು ಋಣಭಾರ ಪತ್ರವನ್ನು ತೆಗೆಸಿ ನೋಡುವುದು ವಾಡಿಕೆ. ಮುಂಬಯಿಯಲ್ಲಿ ವಕೀಲರೊಬ್ಬರಿಂದ ಸಾಮಾನ್ಯವಾಗಿ ಮೂವತ್ತು ವರ್ಷಗಳ ನೋಂದಣಿ ಸೂಚಿಗಳನ್ನು ಹುಡುಕಿಸಿ ವರದಿ ಪಡೆಯುತ್ತಾರೆ. ನಗರ ಭೂಮಾಪನಕ್ಕೆ ಒಳಪಟ್ಟ ನೆಲಕ್ಕೆ ಪ್ರಾಪರ್ಟಿ ಕಾರ್ಡು, ಅದಿಲ್ಲದೆಡೆ ಸಾತ್‌ಬಾರಾ ಉತಾರೆ ಎಂಬ ಪಹಣಿ ಪತ್ರ: ನೆಲ ಯಾರ ಹೆಸರಿನಲ್ಲಿದೆ ಎಂಬುದು ಇವುಗಳಿಂದ ತಿಳಿಯುತ್ತದೆ. ಹೊಸ ಕಟ್ಟಡವಾದರೆ ಮಹಾರೇರಾದಲ್ಲಿ ಅದರ ನೋಂದಣಿ ಸಂಖ್ಯೆಯನ್ನೂ, ಅಲ್ಲಿ ಬಿಲ್ಡರನು ಸಲ್ಲಿಸಿರುವ ಮಂಜೂರಾದ ನಕ್ಷೆಗಳನ್ನೂ, ಮುಗಿಸುವುದಾಗಿ ಒಪ್ಪಿಕೊಂಡ ದಿನಾಂಕವನ್ನೂ ನೋಡಬಹುದು. ಸಿದ್ಧವಾದ ಕಟ್ಟಡವಾದರೆ ಮಹಾನಗರಪಾಲಿಕೆ ಕೊಟ್ಟ ವಾಸಯೋಗ್ಯತಾ ಪತ್ರವನ್ನು, ಜನರ ಬಾಯಲ್ಲಿ ‘ಓಸಿ’ ಎನಿಸಿಕೊಂಡದ್ದನ್ನು, ಕೇಳಿ ಪಡೆಯತಕ್ಕದ್ದು. ಕಟ್ಟಡವನ್ನು ಆರಂಭಿಸಲು ಕೊಟ್ಟ ಅನುಮತಿ ಬೇರೆ, ಅದರಲ್ಲಿ ವಾಸಿಸಲು ಕೊಟ್ಟ ಅನುಮತಿ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಮಾತನ್ನು ತೇಲಿಸುವುದುಂಟು.

ಹಳೆಯ ಫ್ಲಾಟನ್ನು ಅದರ ಈಗಿನ ಒಡೆಯರಿಂದ ಕೊಳ್ಳುವಾಗ ಪರೀಕ್ಷೆಯ ಕ್ರಮ ಸ್ವಲ್ಪ ಬೇರೆಯಾಗುತ್ತದೆ. ಬಿಲ್ಡರನಿಂದ ಮೊದಲ ಕೊಂಡವರವರೆಗೆ, ಅವರಿಂದ ಎರಡನೆಯವರವರೆಗೆ, ಹೀಗೆ ಇಂದಿನ ಮಾರಾಟಗಾರರವರೆಗಿನ ಎಲ್ಲ ಮೂಲ ಕರಾರುಪತ್ರಗಳ ಸರಪಣಿ ಅಖಂಡವಾಗಿರಬೇಕು. ಪ್ರತಿಯೊಂದಕ್ಕೂ ಆ ಕಾಲಕ್ಕೆ ಸಲ್ಲಬೇಕಾದ ಶುಲ್ಕ ಸಂದಿರಬೇಕು. ನಡುವೆ ಒಡೆಯರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆಯ ಪತ್ರ ಬೇಕು. ಸೊಸೈಟಿಯಲ್ಲಿ ನಾಮನಿರ್ದೇಶನ ಮಾಡಿದ್ದ ಒಬ್ಬ ಮಗನ ಸಹಿ ಮಾತ್ರ ಸಾಕೆಂದು ತಿಳಿಯಕೂಡದು. ಮಾರುವವರ ಮೇಲೆ ಸಾಲವಿದ್ದರೆ ಮೂಲ ಪತ್ರಗಳು ಅವರ ಬ್ಯಾಂಕಿನ ತಿಜೋರಿಯಲ್ಲಿರುತ್ತವೆ. ಬಾಕಿ ಎಷ್ಟು ಎಂಬುದನ್ನು ಆ ಬ್ಯಾಂಕಿನಿಂದಲೇ ಬರೆಸಿಕೊಳ್ಳಬೇಕು. ಸೊಸೈಟಿಗೆ ಕೊಡಬೇಕಾದ ಬಾಕಿ ಯಾವುದೂ ಇಲ್ಲವೆಂಬ ಪತ್ರವೂ ಅವಶ್ಯ.

ಕರಾರಿನಲ್ಲಿ ಬರೆದ ವಿಸ್ತೀರ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದೆ ಮೆಟ್ಟಿಲು, ಮೊಗಸಾಲೆ, ಲಿಫ್ಟಿನ ಬಾವಿಗಳನ್ನೆಲ್ಲ ಹಂಚಿ ಸೇರಿಸಿದ ‘ಸೂಪರ್ ಬಿಲ್ಟ್‌ಅಪ್’ ಅಳತೆಯ ಮೇಲೆ ಬೆಲೆ ಹೇಳುವುದಿತ್ತು. ರೇರಾ ಕಾಯಿದೆ ಕಾರ್ಪೆಟ್ ವಿಸ್ತೀರ್ಣವನ್ನು ವ್ಯಾಖ್ಯಾನಿಸಿತು: ಒಳಗೋಡೆಗಳು ಆವರಿಸುವ ಜಾಗವೂ ಸೇರಿದಂತೆ ಮನೆಯೊಳಗಿನ ಬಳಕೆಯ ನೆಲ ಮಾತ್ರ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಅದರಲ್ಲಿ ಸೇರವು. ಕರಾರುಪತ್ರದಲ್ಲಿ ಇರಬೇಕಾದುದು ಈ ಅಳತೆ. ಬಿಲ್ಡರನು ಕರಾರನ್ನು ನೋಂದಾಯಿಸದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಮುಂಗಡವಾಗಿ ಪಡೆಯಕೂಡದು ಎಂದು ಇದೇ ಕಾಯಿದೆಯ 13ನೆಯ ಕಲಮು ವಿಧಿಸುತ್ತದೆ.

ಹೆಸರಿನ ತೊಡಕು

ದಕ್ಷಿಣದವರಿಗೆ ವಿಶೇಷವಾಗಿ ಒದಗುವ ತೊಂದರೆಯೊಂದನ್ನು ಇಲ್ಲಿ ಹೇಳಬೇಕು. ಮಹಾರಾಷ್ಟ್ರದ ದಾಖಲೆಗಳು ಹೆಸರನ್ನು ಮೂರು ಭಾಗಗಳಲ್ಲಿ ನಿರೀಕ್ಷಿಸುತ್ತವೆ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ಹಳೆ ಮೈಸೂರಿನವರ ಹೆಸರಿನಲ್ಲಿ ಊರಿನ ಮೊದಲಕ್ಷರವೂ ತಂದೆಯ ಮೊದಲಕ್ಷರವೂ ಮುಂದೆ ನಿಂತು, ಅಡ್ಡಹೆಸರೇ ಇಲ್ಲದಿರುವುದುಂಟು. ಒಬ್ಬರೇ ವ್ಯಕ್ತಿ ಪಾನ್ ಕಾರ್ಡಿನಲ್ಲಿ ಒಂದು ರೀತಿ, ಆಧಾರದಲ್ಲಿ ಇನ್ನೊಂದು ರೀತಿ, ಬ್ಯಾಂಕಿನ ಖಾತೆಯಲ್ಲಿ ಮತ್ತೊಂದು ರೀತಿ ಆಗಿರುತ್ತಾರೆ. ನೋಂದಣಿಯ ದಿನ ಇದರಿಂದ ಕೆಲಸ ನಿಂತುಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಕೆಲಸ ನಿಲ್ಲದೆ ತಪ್ಪು ಹೆಸರೇ ದಾಖಲೆಯಲ್ಲಿ ಉಳಿದುಬಿಡಬಹುದು. ಮಾರುವ ಕಾಲದಲ್ಲಿಯೋ ವಾರಸುದಾರಿಕೆಯ ಕಾಲದಲ್ಲಿಯೋ ಅದನ್ನು ಸರಿಪಡಿಸಲು ಎರಡೂ ಕಡೆಯವರು ಸೇರಿ ತಿದ್ದುಪಡಿ ಪತ್ರವನ್ನು ಬರೆದು ಮತ್ತೆ ನೋಂದಾಯಿಸಬೇಕಾಗುತ್ತದೆ. ಆ ಹೊತ್ತಿಗೆ ಎದುರು ಕಡೆಯವರು ಎಲ್ಲಿರುತ್ತಾರೋ ಬಲ್ಲವರಾರು! ಎಲ್ಲ ಗುರುತುಪತ್ರಗಳಲ್ಲಿ ಹೆಸರನ್ನು ಮೊದಲೇ ಒಂದಾಗಿಸಿಕೊಳ್ಳುವುದೂ, ಸಾಧ್ಯವಾಗದಿದ್ದರೆ ಎರಡೂ ರೂಪಗಳನ್ನು ಕರಾರುಪತ್ರದಲ್ಲಿಯೇ ಕಾಣಿಸುವುದೂ ಲೇಸು.

ಹಣದ ಲೆಕ್ಕ

ಮುಂಬಯಿಯ ಕರಾರುಪತ್ರ ಹೆಸರಿಗೆ ಕರಾರಾದರೂ ಶುಲ್ಕದ ದೃಷ್ಟಿಯಿಂದ ಕ್ರಯಪತ್ರವೇ. 1958ರ ಮುದ್ರಾಂಕ ಕಾಯಿದೆಗೆ 1985ರಲ್ಲಿ ಸೇರಿಸಿದ ವಿವರಣೆಯ ಪ್ರಕಾರ, ಸ್ವಾಧೀನ ಕೊಟ್ಟ ಅಥವಾ ಮುಂದೆ ಕೊಡುವುದಾಗಿ ಒಪ್ಪಿದ ಕರಾರಿಗೆ ಕ್ರಯಪತ್ರದಷ್ಟೇ ಶುಲ್ಕ ಸಲ್ಲಬೇಕು. ಈ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ವೀಣಾ ಹಸ್ಮುಖ್ ಜೈನ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಮುಂದೆ ಅದೇ ವ್ಯವಹಾರಕ್ಕೆ ಕ್ರಯಪತ್ರ ಆದರೆ ಮೊದಲು ಕೊಟ್ಟ ಶುಲ್ಕವನ್ನು ವಜಾ ಮಾಡಿಕೊಳ್ಳಲಾಗುತ್ತದೆ. ಶುಲ್ಕದ ಲೆಕ್ಕಕ್ಕೆ ಕರಾರಿನ ಬೆಲೆಯನ್ನೂ, ಸರಕಾರ ಪ್ರಕಟಿಸುವ ‘ರೆಡಿ ರೆಕನರ್’ ಎಂಬ ದರಪಟ್ಟಿಯ ಬೆಲೆಯನ್ನೂ ಹೋಲಿಸಿ ಎರಡರಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. 2022ರ ಏಪ್ರಿಲ್ 1ರಂದು ಮೆಟ್ರೋ ಉಪಕರ ಸೇರಿದಂದಿನಿಂದ ಮುಂಬಯಿಯಲ್ಲಿ ಈ ಶುಲ್ಕ ನೂರಕ್ಕೆ 6. ಮಹಿಳೆಯರು ಮಾತ್ರ ಕೊಳ್ಳುವ ವಾಸದ ಮನೆಗೆ 2021ರಿಂದ ನೂರಕ್ಕೆ 1ರ ರಿಯಾಯಿತಿ. ನೋಂದಣಿ ಶುಲ್ಕ ನೂರಕ್ಕೆ 1, ಆದರೆ 30,000 ರೂಪಾಯಿಗಳನ್ನು ಮೀರದು. ದರಗಳು ಸರಕಾರದ ಆಜ್ಞೆಯಂತೆ ಬದಲಾಗುವುದರಿಂದ ಸಹಿಯ ಮುನ್ನ ಅಂದಿನ ದರವನ್ನು ವಿಚಾರಿಸತಕ್ಕದ್ದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಬ್ಬ ಗೃಹಸ್ಥನು 1 ಕೋಟಿ 20 ಲಕ್ಷ ರೂಪಾಯಿಯ ಫ್ಲಾಟನ್ನು ಕೊಳ್ಳುತ್ತಾನೆ. ಬ್ಯಾಂಕು ಬೆಲೆಯ ನೂರಕ್ಕೆ 75ರಷ್ಟನ್ನು ಸಾಲ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಸಾಲ 90 ಲಕ್ಷ. ಉಳಿದ 30 ಲಕ್ಷವನ್ನು ಆತ ಸ್ವಂತ ಉಳಿತಾಯದಿಂದ ತರಬೇಕು. ಮುದ್ರಾಂಕ ಶುಲ್ಕ 7 ಲಕ್ಷ 20 ಸಾವಿರ, ನೋಂದಣಿ ಶುಲ್ಕ 30 ಸಾವಿರ. ಇಂಥ ಬೆಲೆಯ ಮನೆಗೆ ಬ್ಯಾಂಕು ಇವನ್ನು ಸಾಲದ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಆತನ ಕೈಯಲ್ಲಿರಬೇಕಾದ ಹಣ 30 ಲಕ್ಷವಲ್ಲ, 37 ಲಕ್ಷ 50 ಸಾವಿರ. ವಕೀಲರ ಫೀ, ದಲ್ಲಾಳಿ, ಸೊಸೈಟಿಯ ಶುಲ್ಕಗಳು ಇದರ ಮೇಲೆ. ಕಟ್ಟುತ್ತಿರುವ ಮನೆಯಾದರೆ ಜಿಎಸ್‌ಟಿ ಬೇರೆ. ಮುಗಿದ ಪತ್ರ ದೊರೆತ ಮೇಲೆ ಕೊಂಡ ಮನೆಗೆ ಅದು ಇಲ್ಲ. ಸಾಲ ಮಂಜೂರಾಯಿತೆಂಬ ಸಂತೋಷದಲ್ಲಿ ಈ ಏಳೂವರೆ ಲಕ್ಷವನ್ನು ಮರೆತು, ಕೊನೆಯ ವಾರದಲ್ಲಿ ಬಂಗಾರವನ್ನು ಅಡವಿಡುವ ಸಂಸಾರಗಳಿಗೆ ಕೊರತೆಯಿಲ್ಲ.

ಇನ್ನೊಂದು ಕಡ್ಡಾಯ 2013ರ ಜೂನ್ 1ರಿಂದ ಬಂದದ್ದು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ನೂರಕ್ಕೆ 1ರಷ್ಟನ್ನು ಹಿಡಿದು, ಮಾರುವವರ ಪಾನ್ ಸಂಖ್ಯೆಯ ಹೆಸರಿನಲ್ಲಿ ಆದಾಯ ತೆರಿಗೆಯಾಗಿ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಅದು 1 ಲಕ್ಷ 20 ಸಾವಿರ. ಮಾರುವವರಿಗೆ ಸಲ್ಲುವುದು 1 ಕೋಟಿ 18 ಲಕ್ಷ 80 ಸಾವಿರ. ಇದು ಬೆಲೆಯ ಮೇಲೆ ಕೂಡುವ ಖರ್ಚಲ್ಲ, ಬೆಲೆಯೊಳಗಿನ ಭಾಗ. ಹಿಡಿಯದಿದ್ದರೆ ಹೊಣೆ ಮಾತ್ರ ಕೊಂಡವರದೇ. ಮಾರುವವರು ವಿದೇಶವಾಸಿಗಳಾಗಿದ್ದರೆ ಈ ದರ ಅನ್ವಯಿಸದು. ಆಗ ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು. ಬೆಲೆಯ ಒಂದಂಶವನ್ನು ನಗದಾಗಿ ಕೇಳುವ ಮಾರಾಟಗಾರರೂ ಉಂಟು. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು ನಿಷಿದ್ಧ. ಕಾನೂನಿನ ಮಾತು ಹಾಗಿರಲಿ. ನಗದಾಗಿ ಕೊಟ್ಟ ಹಣ ಪತ್ರದಲ್ಲಿ ಕಾಣದು, ವ್ಯವಹಾರ ಮುರಿದುಬಿದ್ದರೆ ಹಿಂದಕ್ಕೂ ಬಾರದು.

ನೋಂದಣಿಯ ದಿನ

ನೋಂದಣಿಯ ಕಚೇರಿಯ ಫಲಕದಲ್ಲಿ ‘ಸಹ ದುಯ್ಯಮ ನಿಬಂಧಕ’ ಎಂಬ ಮರಾಠಿ ಹೆಸರು ಇರುತ್ತದೆ; ಕನ್ನಡದ ಉಪನೋಂದಣಾಧಿಕಾರಿ ಎಂದರೆ ಇವರೇ. ಪತ್ರದ ಸಾರಾಂಶವನ್ನು, ಅಂದರೆ ಪಕ್ಷಗಾರರ ಹೆಸರು, ಆಸ್ತಿಯ ವಿವರ, ಬೆಲೆ, ಶುಲ್ಕಗಳನ್ನು, ವಕೀಲರೋ ಅವರ ಗುಮಾಸ್ತರೋ ಮೊದಲೇ ಗಣಕಯಂತ್ರದಲ್ಲಿ ತುಂಬಿ ಒಂದು ಸಂಖ್ಯೆಯನ್ನು ಪಡೆದಿರುತ್ತಾರೆ. ಮುದ್ರಾಂಕ ಶುಲ್ಕ ಸಹಿಗೆ ಮುಂಚೆ ಅಥವಾ ಸಹಿಯ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಸಂದಿರಬೇಕು. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ದಂಡ ತೆತ್ತರೆ ಇನ್ನು ನಾಲ್ಕು ತಿಂಗಳ ಅವಕಾಶ. ಅದನ್ನೂ ಮೀರಿದರೆ ಆ ಪತ್ರ ನೋಂದಣಿಗೆ ಬಾರದು.

ಸರದಿ ಬಂದಾಗ ಅಧಿಕಾರಿ ಶುಲ್ಕದ ಲೆಕ್ಕವನ್ನೂ ಜತೆಗಿಟ್ಟ ಪತ್ರಗಳನ್ನೂ ನೋಡುತ್ತಾರೆ. ಕೊಳ್ಳುವವರು, ಮಾರುವವರು, ಅವರನ್ನು ಬಲ್ಲೆವೆಂದು ಹೇಳುವ ಇಬ್ಬರು ಗುರುತುದಾರರು ಹಾಜರಿರಬೇಕು. ಪತ್ರವನ್ನು ಬರೆದುಕೊಟ್ಟುದು ಹೌದೆಂದು ಪಕ್ಷಗಾರರು ಒಪ್ಪಿಕೊಳ್ಳುತ್ತಾರೆ. ಪ್ರತಿಯೊಬ್ಬರ ಭಾವಚಿತ್ರವನ್ನೂ ಹೆಬ್ಬೆರಳ ಗುರುತನ್ನೂ ಯಂತ್ರ ದಾಖಲಿಸುತ್ತದೆ. ಪತ್ರದ ಪುಟಗಳಿಗೆ ಅನುಕ್ರಮ ಸಂಖ್ಯೆ ಬಿದ್ದು, ಅವುಗಳ ಪ್ರತಿಬಿಂಬ ಸರಕಾರದ ಭಂಡಾರಕ್ಕೆ ಸೇರುತ್ತದೆ. ಮೂಲಪತ್ರ ಸಾಮಾನ್ಯವಾಗಿ ಅಂದೇ ಕೈಗೆ ಬರುತ್ತದೆ. ಅದರೊಡನೆ ಬರುವುದು ‘ಸೂಚಿ ಕ್ರಮಾಂಕ ದೋನ್’ ಎಂಬ ಒಂದು ಹಾಳೆ. ಜನ ಇದನ್ನು ‘ಇಂಡೆಕ್ಸ್ ಟೂ’ ಎನ್ನುತ್ತಾರೆ. ನೂರು ಪುಟದ ಕರಾರಿನ ತಿರುಳೆಲ್ಲ ಈ ಒಂದು ಹಾಳೆಯಲ್ಲಿದೆ. ಬ್ಯಾಂಕಾಗಲಿ ಮುಂದೆ ಕೊಳ್ಳುವವರಾಗಲಿ ಮೊದಲು ನೋಡುವುದು ಇದನ್ನೇ. ಇದು ಇರುವುದು ಮರಾಠಿಯಲ್ಲಿ. ನಾಗರಿ ಲಿಪಿಯನ್ನು ಓದಬಲ್ಲವರು ಕಚೇರಿಯಲ್ಲಿಯೇ ನಿಂತು ಹೆಸರು, ಫ್ಲಾಟಿನ ಸಂಖ್ಯೆ, ಮಹಡಿ, ನಗರ ಭೂಮಾಪನ ಸಂಖ್ಯೆ, ವಿಸ್ತೀರ್ಣ, ಬೆಲೆಗಳನ್ನು ಒಂದೊಂದಾಗಿ ಓದತಕ್ಕದ್ದು. ಓದಲಾರದವರು ಓದಬಲ್ಲ ನೆರೆಯವರನ್ನು ಕರೆದೊಯ್ಯತಕ್ಕದ್ದು. ಅಂದು ಹತ್ತು ನಿಮಿಷ ನಿಂತು ಓದದಿದ್ದವರು ಮುಂದೆ ಹತ್ತು ತಿಂಗಳು ಅಲೆದಾಡುವ ಪ್ರಸಂಗ ಬರಬಹುದು.

ಸ್ವಾಧೀನ

ನೋಂದಣಿಯ ಸಂಜೆ ಬೀಗದ ಕೈ ಬಾರದಿದ್ದರೆ ಗಾಬರಿಯಾಗಬೇಕಾಗಿಲ್ಲ. ಬ್ಯಾಂಕು ಸಾಲದ ಹಣವನ್ನು ಬಿಡುಗಡೆ ಮಾಡುವುದು ನೋಂದಾಯಿತ ಕರಾರನ್ನು ಕಂಡ ಮೇಲೆ. ಹಳೆಯ ಫ್ಲಾಟಿನ ಕ್ರಯದಲ್ಲಿ ಮೊದಲು ಸ್ವಂತ ಹಣದ ಭಾಗ, ಬಳಿಕ ನೋಂದಣಿ, ಬಳಿಕ ಬ್ಯಾಂಕಿನ ಚೆಕ್ಕು, ಅದು ಸಂದ ಮೇಲೆ ಸ್ವಾಧೀನ: ಇದು ರೂಢಿ. ಮಾರುವವರ ಸಾಲ ಬಾಕಿಯಿದ್ದರೆ ಹಣದ ಒಂದು ಭಾಗ ನೇರವಾಗಿ ಅವರ ಬ್ಯಾಂಕಿಗೆ ಹೋಗುತ್ತದೆ, ಮೂಲಪತ್ರಗಳು ಬಿಡುಗಡೆಯಾಗಿ ಕೊಳ್ಳುವವರ ಬ್ಯಾಂಕಿಗೆ ಬರುತ್ತವೆ. ಈ ನಡುವಿನ ವಾರಗಳಲ್ಲಿ ಯಾರು ಯಾವ ದಿನದೊಳಗೆ ಏನು ಮಾಡಬೇಕು, ಮಾಡದಿದ್ದರೆ ಪರಿಣಾಮವೇನು ಎಂಬುದು ಕರಾರಿನಲ್ಲಿ ದಿನಾಂಕ ಸಹಿತ ಇರಬೇಕು. ಬಾಯಿಮಾತಿನ ಭರವಸೆ ಸ್ನೇಹಕ್ಕೆ ಸಾಕು, ಕ್ರಯಕ್ಕೆ ಸಾಲದು.

ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆಯುವುದಕ್ಕೆ ಕಾನೂನಿನಲ್ಲಿ ಹಕ್ಕುಪತ್ರಗಳ ಠೇವಣಿಯ ಅಡಮಾನ ಎಂದು ಹೆಸರು. ಮಹಾರಾಷ್ಟ್ರದಲ್ಲಿ ಇದರ ಸೂಚನೆಯನ್ನು ಮೂವತ್ತು ದಿನಗಳೊಳಗೆ ನೋಂದಣಿ ಕಚೇರಿಗೆ ಸಲ್ಲಿಸಬೇಕು. ಸಾಲ ತೀರಿದ ಮೇಲೆ ಮೂವತ್ತು ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಮರಳಿಸದಿದ್ದರೆ, ತನ್ನ ತಪ್ಪಿನಿಂದಾದ ವಿಳಂಬಕ್ಕೆ ದಿನವೊಂದಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಹೊರಡಿಸಿದೆ.

ಹೊಸ ಕಟ್ಟಡದಲ್ಲಿ ಸ್ವಾಧೀನದ ಕಾಲಕ್ಕೆ ಬಿಲ್ಡರನು ಒಂದು ಪತ್ರಕ್ಕೆ ಸಹಿ ಕೇಳುತ್ತಾನೆ: ಮನೆ ಸರಿಯಾಗಿದೆ, ಯಾವ ತಕರಾರೂ ಇಲ್ಲ ಎಂದು. ಬಾಗಿಲು, ಕಿಟಕಿ, ನೀರಿನ ಕೊಳವೆ, ಗೋಡೆಯ ತೇವ ಇವನ್ನೆಲ್ಲ ನೋಡಿ, ಕೊರತೆಗಳನ್ನು ಅದೇ ಪತ್ರದ ಮೇಲೆ ಬರೆದು ಸಹಿ ಮಾಡುವುದು ಯುಕ್ತ. ಸ್ವಾಧೀನದಿಂದ ಐದು ವರ್ಷಗಳೊಳಗೆ ತೋರಿಬಂದ ಕಟ್ಟಡದ ದೋಷವನ್ನು ಬಿಲ್ಡರನು ತನ್ನ ಖರ್ಚಿನಿಂದಲೇ ಸರಿಪಡಿಸಬೇಕೆಂದು ರೇರಾ ಕಾಯಿದೆಯ 14ನೆಯ ಕಲಮು ಹೇಳುತ್ತದೆ. ಒಪ್ಪಿದ ದಿನಾಂಕಕ್ಕೆ ಸ್ವಾಧೀನ ದೊರೆಯದಿದ್ದರೆ ಬಡ್ಡಿಯೊಡನೆ ಹಣ ಹಿಂಪಡೆಯುವ ಅಥವಾ ತಡವಾದ ತಿಂಗಳುಗಳಿಗೆ ಬಡ್ಡಿ ಕೇಳುವ ಹಕ್ಕು 18ನೆಯ ಕಲಮಿನಲ್ಲಿದೆ.

ಸ್ವಾಧೀನದ ಬೆನ್ನಿಗೇ ಆಗಬೇಕಾದ ಕೆಲಸ ಸೊಸೈಟಿಯ ಸದಸ್ಯತ್ವ. ಹಳೆಯ ಫ್ಲಾಟಿನಲ್ಲಿ ಮಾರಿದವರ ಷೇರುಪತ್ರದ ಹಿಂಬದಿಯಲ್ಲಿ ಕೊಂಡವರ ಹೆಸರನ್ನು ಬರೆದು ಪದಾಧಿಕಾರಿಗಳು ಸಹಿ ಹಾಕುತ್ತಾರೆ. ವರ್ಗಾವಣೆಯ ಕಾಣಿಕೆಯಾಗಿ ಸೊಸೈಟಿ 25,000 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಮಹಾರಾಷ್ಟ್ರ ಸರಕಾರದ 2001ರ ಆಜ್ಞೆ ಉಂಟು. ಇದಾದ ಮೇಲೆ ವಿದ್ಯುತ್ತಿನ ಬಿಲ್ಲು, ಅಡಿಗೆ ಅನಿಲದ ಜೋಡಣೆಗಳಲ್ಲಿ ಹೆಸರು ಬದಲಾಯಿಸಿಕೊಳ್ಳಬಹುದು. ಇಲ್ಲಿಗೆ ಎರಡು ಘಟ್ಟಗಳು ಮುಗಿದುವು. ಸತ್ಯನಾರಾಯಣ ಪೂಜೆಯೂ ಆಗಿ, ಊರಿನ ಬಂಧುಗಳು ಬಂದು ಹೋಗಿ, ಗೃಹಸ್ಥನು ಇನ್ನು ಎಲ್ಲ ಮುಗಿಯಿತೆಂದು ಕಾಗದಗಳನ್ನು ಕಪಾಟಿನಲ್ಲಿಡುತ್ತಾನೆ.

ನೆಲ ಯಾರದು?

ಕಪಾಟಿನಲ್ಲಿಟ್ಟ ಆ ಕಾಗದಗಳಲ್ಲಿ ನೆಲದ ಒಡೆತನವಿಲ್ಲ. ಬಿಲ್ಡರನು ನಿವಾಸಿಗಳ ಸಂಘವನ್ನು ನೋಂದಾಯಿಸಲು ನೆರವಾಗಿ, ಅನಂತರ ನೆಲವನ್ನೂ ಕಟ್ಟಡವನ್ನೂ ಸಂಘಕ್ಕೆ ಬರೆದುಕೊಡಬೇಕೆಂದು 1963ರ ಕಾಯಿದೆಯ 10 ಮತ್ತು 11ನೆಯ ಕಲಮುಗಳು ವಿಧಿಸಿದುವು. ಬೇರೆ ಒಪ್ಪಂದವಿಲ್ಲದಿದ್ದರೆ ಸಂಘ ನೋಂದಣಿಯಾದ ನಾಲ್ಕು ತಿಂಗಳೊಳಗೆ ಎಂದು ನಿಯಮ. ರೇರಾ ಕಾಯಿದೆಯ 17ನೆಯ ಕಲಮೂ ಇಂಥದೇ ಕರ್ತವ್ಯವನ್ನು ಹೊರಿಸಿದೆ. ವಿಧಿಸಿದ್ದು ಒಂದು, ನಡೆದದ್ದು ಇನ್ನೊಂದು. ಮುಂದೆ ಹೆಚ್ಚು ಮಹಡಿ ಕಟ್ಟುವ ಅವಕಾಶ ಬಂದರೆ ಅದರ ಲಾಭ ನೆಲದ ಒಡೆಯನಿಗೆ ಎಂಬುದನ್ನು ಬಲ್ಲ ಬಿಲ್ಡರರು ಹಸ್ತಾಂತರವನ್ನು ಮುಂದೂಡಿದರು. ನಿವಾಸಿಗಳು ಕೇಳಲಿಲ್ಲ, ಎಷ್ಟೋ ಮಂದಿಗೆ ಕೇಳಬೇಕೆಂಬುದೇ ತಿಳಿದಿರಲಿಲ್ಲ.

ಇದರ ಪರಿಣಾಮ ಕಟ್ಟಡ ಹಳೆಯದಾದಾಗ ಕಾಣಿಸಿಕೊಳ್ಳುತ್ತದೆ. ನಾಲ್ಕು ದಶಕಗಳಲ್ಲಿ ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಕಂಬಗಳು ಬಿರುಕುಬಿಡುತ್ತವೆ. ಕೆಡವಿ ಕಟ್ಟುವುದು ಅನಿವಾರ್ಯವಾಗುತ್ತದೆ. ಆಗ ಹೊಸ ಬಿಲ್ಡರನೊಡನೆ ಮಾತಿಗೆ ಕುಳಿತ ಸೊಸೈಟಿಯನ್ನು ಕೇಳುವ ಮೊದಲ ಪ್ರಶ್ನೆ: ನೆಲ ಯಾರ ಹೆಸರಿನಲ್ಲಿದೆ? ಪ್ರಾಪರ್ಟಿ ಕಾರ್ಡಿನಲ್ಲಿ ಎಂದೋ ತೀರಿಕೊಂಡ ಮೂಲ ಒಡೆಯನ ಹೆಸರಿದ್ದರೆ ಅವನ ವಾರಸುದಾರರು ಎದ್ದುಬರುತ್ತಾರೆ. ಮೂವತ್ತು ಸಂಸಾರಗಳು ಬಿರುಕುಬಿಟ್ಟ ಛಾವಣಿಯ ಕೆಳಗೆ ತೀರ್ಪಿಗಾಗಿ ಕಾಯುತ್ತವೆ.

ಇದಕ್ಕೆ ಪರಿಹಾರವಾಗಿ 1963ರ ಕಾಯಿದೆಗೆ 2008ರಲ್ಲಿ ಜಾರಿಗೆ ಬಂದ ತಿದ್ದುಪಡಿ ‘ಮಾನೀವ ಅಭಿಹಸ್ತಾಂತರಣ’ ಎಂಬ ಮಾರ್ಗವನ್ನು ತೆರೆಯಿತು. ಬಿಲ್ಡರನು ಬರೆದುಕೊಡದಿದ್ದರೆ ಸೊಸೈಟಿ ಸಹಕಾರ ಸಂಘಗಳ ಜಿಲ್ಲಾ ಉಪನಿಬಂಧಕರಿಗೆ ಅರ್ಜಿ ಸಲ್ಲಿಸಬಹುದು. ಅವರು ಎರಡೂ ಕಡೆಯವರನ್ನು ಕೇಳಿ, ಅರ್ಹವೆಂದು ಕಂಡರೆ ಪ್ರಮಾಣಪತ್ರ ಕೊಡುತ್ತಾರೆ. ಬಿಲ್ಡರನ ಸಹಿಯಿಲ್ಲದೆಯೇ ಹಸ್ತಾಂತರ ಪತ್ರ ನೋಂದಣಿಯಾಗುತ್ತದೆ. ಈ ಅರ್ಜಿಗೆ ಬೇಕಾದ ಆಧಾರಗಳಲ್ಲಿ ಮುಖ್ಯವಾದುವು ಸದಸ್ಯರ ಕರಾರುಪತ್ರಗಳು. ಅವು ಸರಿಯಾಗಿ ಶುಲ್ಕ ಸಂದು ನೋಂದಣಿಯಾಗಿರಬೇಕು. ಕೆಲವು ಸಾವಿರ ಉಳಿಸಲು ಒಬ್ಬರು 1980ರ ದಶಕದಲ್ಲಿ ಕರಾರನ್ನು ಬರಿಯ ಕಾಗದದ ಮೇಲೆ ಬರೆಸಿಕೊಂಡಿದ್ದರೆ, ಇಂದು ಇಡೀ ಕಟ್ಟಡದ ಕೆಲಸ ಅಲ್ಲಿ ತೊಡಕಿಕೊಳ್ಳಬಹುದು. ಮೊದಲ ಘಟ್ಟದ ಎಚ್ಚರ ಮೂರನೆಯ ಘಟ್ಟಕ್ಕೆ ಆಧಾರವಾಗುವುದು ಹೀಗೆ. ಒಬ್ಬರ ಪತ್ರ ಒಬ್ಬರದು ಮಾತ್ರವಲ್ಲ. ಅದು ನೆರೆಯವರೆಲ್ಲರ ಹಕ್ಕಿನ ಒಂದು ಕೊಂಡಿ.

ಆದುದರಿಂದ ಹಳೆಯ ಕಟ್ಟಡದಲ್ಲಿ ಮನೆ ಕೊಳ್ಳುವವರು ಬೆಲೆ, ಗಾಳಿ, ಬೆಳಕು, ರೈಲು ನಿಲ್ದಾಣದ ದೂರಗಳನ್ನು ವಿಚಾರಿಸುವುದರ ಜೊತೆಗೆ ಸೊಸೈಟಿಯ ಕಾರ್ಯದರ್ಶಿಯನ್ನು ಒಂದು ಮಾತು ಕೇಳತಕ್ಕದ್ದು: ಹಸ್ತಾಂತರ ಆಗಿದೆಯೇ, ಆಗಿದ್ದರೆ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರು ಏರಿದೆಯೇ? ನವೀ ಮುಂಬಯಿಯಲ್ಲಿ ಸಿಡ್ಕೋ ಗುತ್ತಿಗೆಗೆ ಕೊಟ್ಟ ನೆಲವಾದರೆ ಕೇಳಬೇಕಾದುದು ಗುತ್ತಿಗೆಯ ಹಕ್ಕು ಸೊಸೈಟಿಗೆ ವರ್ಗವಾಗಿದೆಯೇ ಎಂದು. ಹೊಸ ಕಟ್ಟಡದಲ್ಲಿ ಕೊಂಡವರು ಸೊಸೈಟಿಯ ಮೊದಲ ಸಭೆಯ ಕಾರ್ಯಸೂಚಿಯಲ್ಲಿಯೇ ಈ ವಿಷಯವನ್ನು ಇಡತಕ್ಕದ್ದು.

ಹೊರನಾಡಿನ ಕನ್ನಡಿಗರಲ್ಲಿ ಸಭೆ, ಸಂಘ, ಉತ್ಸವಗಳನ್ನು ಕಟ್ಟಿ ನಡೆಸುವ ಶಕ್ತಿ ಹೊಸದಲ್ಲ. ತಾವು ವಾಸಿಸುವ ಸೊಸೈಟಿಯ ವಾರ್ಷಿಕ ಸಭೆಗೆ ಮಾತ್ರ ಅವರಲ್ಲಿ ಅನೇಕರು ಹೋಗುವುದಿಲ್ಲ. ಅದು ಪಾರ್ಕಿಂಗಿನ ಜಗಳದ ಸಭೆಯೆಂಬ ಉಪೇಕ್ಷೆ. 1915ರಲ್ಲಿ ಗಾಮದೇವಿಯಲ್ಲಿ ಸೇರಿದ ಕೆಲವರು ಪರಊರಿನಲ್ಲಿ ನೆಲೆ ನಿಲ್ಲುವುದು ಒಂಟಿಯಾಗಿ ಆಗದ ಕೆಲಸ ಎಂಬುದನ್ನು ಕಂಡುಕೊಂಡಿದ್ದರು. ಇಂದಿಗೂ ಮುಂಬಯಿಯ ಮನೆಯ ಕ್ರಯದಲ್ಲಿ ಮೊದಲೆರಡು ಸಹಿಗಳನ್ನು ಕೊಂಡವರು ಒಬ್ಬರೇ ಹಾಕಬಹುದು. ಮೂರನೆಯದನ್ನು ನೆರೆಹೊರೆಯವರೊಡನೆ ಸೇರಿಯೇ ಹಾಕಿಸಬೇಕು. ಅದು ಬಿದ್ದ ದಿನವೇ ಕ್ರಯ ಪೂರ್ಣವಾದ ದಿನ.